ಕೊಂಬಿನ ನಾಯಿ

ಬೋರ್ಡು ಬರೆಸಿದ್ದು ನಾನೇ.
ನೂರಡಿ ರಸ್ತೆಯ ಪೇಂಟರ್ ಜವರಪ್ಪನಿಗೆ
ಇನ್ನೂರು ರೂಪಾಯಿ, ಎರಡು ಟೀ.
ಹಾಟ್ ಡಾಗ್ ಅಂತ ಬರಿ ಅಂದೆ. ಬರೆದ.
ಜಾಗ ಮಿಕ್ಕಿತಲ್ಲ ಅಂತ
ಪಕ್ಕದಲ್ಲೊಂದು ನಾಯಿಯನ್ನೂ ಕೂರಿಸಿದ:
ಬಾಲ ಡೊಂಕು, ನಾಲಿಗೆ ಹೊರಗೆ,
ಬಿಸಿಯೆಂದು ತಿಳಿಯಲು ಮೈಯಿಂದ ಹಬೆ.

ಮೂರು ದಿನ ಒಂದು ಬನ್ನೂ ಹೋಗಲಿಲ್ಲ.
ಜನ ನಿಂತು ಬೋರ್ಡು ನೋಡುವರು, ನನ್ನ ನೋಡುವರು,
ಮೂಗಿಗೆ ಸೆರಗು ಹಿಡಿದು ದಾಟುವರು.
ನಾಲ್ಕನೇ ಸಂಜೆ ಜವರಪ್ಪ ಕುಂಚ ತಂದ.
'ಬುಡು ದೇವೀರಕ್ಕ, ವಸಿ ಸರಿ ಮಾಡ್ತೀನಿ' ಅಂದವನು
ನಾಯಿಯ ತಲೆಗೆ ಎರಡು ಕೊಂಬು ಎಳೆದ.
ಕುರಿಯಾಯಿತು. ವ್ಯಾಪಾರ ಕುದುರಿತು.

ಒಳಗಿರುವುದು ಕೋಳಿ. ಕೇಳಿದವರಿಗೆ ಹೇಳುತ್ತೇನೆ.
ಮೈಸೂರಿನ ಗ್ರೆಗರಿ ಐಸು ಡಬ್ಬಿಯಲ್ಲಿಟ್ಟು
ಸಂಜೆಯ ರೈಲಿಗೆ ಕಳಿಸುತ್ತಾನೆ.
ಬನ್ನು ಖಲಂದರ್ ಸಾಬರದು, ಗುತ್ತಲು ರಸ್ತೆಯ ಭಟ್ಟಿ;
ಉದ್ದಕ್ಕೆ ಮಾಡಿಕೊಡಿ ಅಂದಾಗ
ಗೇಣು ಚಾಚಿ ಕೇಳಿದ್ದರು, 'ಯಾರ ಕೈ ಅಳತೆ?'

ಮೊದಮೊದಲು ಕೆಂಪು ಸಾಸು, ಹಳದಿ ಸಾಸು ಇಟ್ಟಿದ್ದೆ.
ಮೂತಿಯಲ್ಲೇ ಹೆಪ್ಪುಗಟ್ಟಿ ಒಣಗಿದವು.
ಆಮೇಲೆ ಬಂದವರೆಲ್ಲ ಅವರವರ ಊರನ್ನು
ನನ್ನ ಬಟ್ಟಲುಗಳಿಗೆ ಸುರಿದರು.

ಮದ್ದೂರಿನ ಗಾರೆಮೇಸ್ತ್ರಿ ಜೇಬಿನಿಂದ
ಪೇಪರು ಸುತ್ತಿದ ವಡೆ ತೆಗೆದು
ಬನ್ನಿನ ಮೇಲೆ ಪುಡಿ ಮಾಡಿದ.
'ಕಟುಂ ಅನ್ನದಿದ್ರೆ ಅದೆಂಥ ತಿಂಡಿಯಕ್ಕ?'
ನರ್ಸು ಪುಟ್ಟಲಿಂಗಿ, ನಾಗಮಂಗಲದ ಕಡೆಯವಳು,
ಹುಚ್ಚೆಳ್ಳು ಪುಡಿಯ ಡಬ್ಬಿಯನ್ನೇ ಬಿಟ್ಟುಹೋಗಿದ್ದಾಳೆ;
ಮುಚ್ಚಳದ ಮೇಲೆ ಬರೆದಿದೆ: ನನಗೆ ಮಾತ್ರ.
ಬನ್ನೂರಿನವನಿಗೆ ಕೋಳಿಯೆಂದರೆ ತಾತ್ಸಾರ.
'ಕುರಿ ಬರ್ಸಿ ಕೋಳಿ ಮಾರ್ತೀಯಲ್ಲ' ಎಂದು
ದಿನಾ ಬೈಯುತ್ತಾನೆ, ದಿನಾ ಎರಡು ತಿನ್ನುತ್ತಾನೆ,
ಈರುಳ್ಳಿ ಗುದ್ದಿ, ಹಸಿಮೆಣಸು ಜಜ್ಜಿ,
ಕಣ್ಣಲ್ಲಿ ನೀರು ಬಂದ ಮೇಲೇ ದುಡ್ಡು ಕೊಡುವುದು.

ಕೋರ್ಟಿನ ಗುಮಾಸ್ತ ಶ್ರೀಕಂಠಯ್ಯನವರು ನಂಜನಗೂಡಿನವರು.
ಬಂಡಿಗೆ ಬೆನ್ನು ಮಾಡಿ ನಿಂತು ಕೇಳುತ್ತಾರೆ,
'ಅದಿಲ್ಲದೆ ಕೊಡಕ್ಕಾಗುತ್ತಾ?'
ಅವರಿಗೆಂದೇ ಬೇರೆ ಕಾವಲಿ, ಬೇರೆ ಚಾಕು.
ಬನ್ನಿನ ಹೊಟ್ಟೆಗೆ ರಸಬಾಳೆ, ತುಪ್ಪದಲ್ಲಿ ಹೊರಳಿಸಿ,
ಚೂರು ಏಲಕ್ಕಿ. ಕಣ್ಣು ಮುಚ್ಚಿ ತಿಂದು
'ಇದಕ್ಕೆ ಆ ಹೆಸರು ಬೇಡ ಕಣಮ್ಮ' ಅನ್ನುತ್ತಾರೆ.
ಯಾವ ಹೆಸರು ಬೇಕೆಂದು ಇದುವರೆಗೂ ಹೇಳಿಲ್ಲ.

ನನ್ನಿಷ್ಟ? ಕೇಳಿದವರು ಕಡಿಮೆ.
ಆಲೆಮನೆಯ ಜೋನಿಬೆಲ್ಲಕ್ಕೆ ಸಾಸಿವೆ ಅರೆದು,
ಸುಟ್ಟ ಒಣಮೆಣಸು ಹಿಸುಕಿ, ಹುಣಸೆ ಹಿಂಡಿ
ಕುದಿಸಿ ಇಳಿಸಿದ್ದು.
ಸಾರಿಲ್ಲದ ದಿನ ನಮ್ಮವ್ವ ಇದನ್ನು
ತಂಗಳು ಮುದ್ದೆಗೆ ಸವರಿ ಕೊಡುತ್ತಿದ್ದಳು,
ಸಾರು ಯಾಕಿಲ್ಲ ಎಂದು ನಾವು ಕೇಳದ ಹಾಗೆ.
ಈಗ ಅದು ಸ್ಪೆಷಲ್ ಸಾಸು. ಐದು ರೂಪಾಯಿ ಹೆಚ್ಚು.

ಹೋದ ವಾರ ಕಾರು ನಿಲ್ಲಿಸಿದವನೊಬ್ಬ
ಚಿಕಾಗೋ ನೋಡಿ ಬಂದವನಂತೆ. ತಿಂದು ತಲೆಯಾಡಿಸಿದ:
'ಇದು ಅದಲ್ಲ. ಅಲ್ಲಿ ಗಸಗಸೆ ಬನ್ನು, ಟೊಮೆಟೊ,
ಉಪ್ಪಲ್ಲಿ ನೆನೆಸಿದ ಸೌತೆ. ಕೆಂಪು ಸಾಸು ಹಾಕಿದ್ರೆ
ಅಂಗಡಿಯವನೇ ಬೈತಾನೆ.'
'ಅಲ್ಲೂ ಬೈತಾರಾ?' ಅಂದೆ.
ಯಾಕೋ ಸಮಾಧಾನವಾಯಿತು.

ಮೊನ್ನೆಯ ಮಳೆಗೆ ಕೊಂಬು ತೊಳೆದುಹೋಗಿದೆ.
ಅಗ್ಗದ ಬಣ್ಣ. ಹಳೆಯ ನಾಯಿ ಹಾಗೇ ಇದೆ, ಹಬೆಯೂ.
ಬನ್ನೂರಿನವನೊಬ್ಬ ಮಾತ್ರ ನೋಡಿದ,
'ಇದ್ದ ಕುರಿನೂ ಹೋಯ್ತಲ್ಲಕ್ಕ' ಎಂದು ಎರಡು ಕೇಳಿದ.

ಹನ್ನೊಂದಕ್ಕೆ ಒಲೆ ಆರಿಸಿ
ಬಂಡಿಯ ಕೆಳಗೆ ಮಲಗುವ ನಿಜದ ನಾಯಿಗೆ
ಕೊನೆಯ ತುಂಡು ಹಾಕಿದೆ.
ಮೂಸಿತು. ಬನ್ನು ಬಿಟ್ಟಿತು, ಕೋಳಿಯನ್ನೂ ಬಿಟ್ಟಿತು.
ಜೋನಿಬೆಲ್ಲ ಅಷ್ಟನ್ನೂ ನೆಕ್ಕಿ,
ಖಾರ ಹತ್ತಿ ಎರಡು ಸಲ ಸೀನಿ,
ಇನ್ನೂ ಇದೆಯಾ ಅಂತ ನನ್ನ ಕೈ ನೋಡಿತು.