ಒಂದೇ ಕುರ್ಚಿ

ಒಟ್ಟು ನೂರಿಪ್ಪತ್ತು ಲರಿ. ಮೇಲೆ ಒಂದು ಬಿಲ್ಲೆಯೂ ಇಲ್ಲ,
ಅಂದಳು ಲಾಮಾರಾ, ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ.
ಕಂಪ್ಯೂಟರ್ ಬಿಟ್ಟಿ ಬಂದದ್ದು, ಬಾಗಿಲು ಹಾಕಿದ ನೋಟರಿ ಕಚೇರಿಯದು;
ಅದರ ಹೊಟ್ಟೆಯ ಸ್ಪೀಕರಿನಲ್ಲಿ ಎಂಥ ಗಾಯಕನೂ
ಬೆಂಕಿಪೊಟ್ಟಣದೊಳಗಿನ ಜೀರುಂಡೆ.

ಭಾನುವಾರ ಒಣಸೇತುವೆಗೆ ಹೋದೆ.
ಕೆಳಗೆ ಹೊಳೆಯಿಲ್ಲ, ಮೇಲೆ ಸಂತೆ:
ಯಾರದೋ ಎದೆಯಿಂದ ಕಳಚಿದ ಪದಕ,
ಪಿಂಗಾಣಿ ಬಸಿ, ಕಣ್ಣು ಮಂಜಾದ ಕ್ಯಾಮೆರಾ,
ಹಲ್ಲು ಕೀಳುವ ಇಕ್ಕಳ,
ಅವುಗಳ ನಡುವೆ ಕಂಬಳಿ ಹೊದ್ದ ಎರಡು ಪೆಟ್ಟಿಗೆ,
ರೀಗಾದಲ್ಲಿ ಹುಟ್ಟಿದ ಅವಳಿ.
ಒಂದರ ಕಾಗದದೆದೆ ಹರಿದಿತ್ತು.
"ಹರಿದದ್ದಕ್ಕೆ ಅರ್ಧ ಬೆಲೆ" ಅಂದೆ.
"ಹರಿದದ್ದಕ್ಕೇ ಇನ್ನೂ ಇಲ್ಲಿದೆ, ಬಾತೋನೋ" ಅಂದ ಗೊದೆರ್ಜಿ,
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ.
ಎಪ್ಪತ್ತಕ್ಕೆ ಕುದುರಿತು.

ನಮ್ಮದು ಒಂಬತ್ತನೇ ಮಹಡಿ. ಗ್ಲ್ದಾನಿಯ ಲಿಫ್ಟು
ಕಾಸು ನುಂಗದೆ ಕದಲದು.
ಎರಡು ಪೆಟ್ಟಿಗೆ, ಎರಡು ಸವಾರಿ, ಎರಡು ಸಲ ನುಂಗಿತು.
ಅದನ್ನೂ ಲೆಕ್ಕಕ್ಕೆ ಬರೆದೆ.

ಹರುಕಿಗೆ ಚಹಾ ಚೀಲದ ತೆಳುಹಾಳೆ, ಬಿಳಿ ಗೋಂದು.
ಉಸಿರು ಬಿಗಿಹಿಡಿದು ಬೆರಳ ತುದಿಯಲ್ಲಿ ಒತ್ತಿದೆ,
ಎಳೆಗೂಸಿನ ನೆತ್ತಿ ಮುಟ್ಟುವ ಹಾಗೆ.
ಆಂಪ್ಲಿಫಯರ್ ಅಂದರೆ ಅಂಗೈಯಗಲದ ಹಲಗೆ, ಮೂವತ್ತೈದು ಲರಿ;
ಸತ್ತ ಲ್ಯಾಪ್‌ಟಾಪಿನ ಚಾರ್ಜರೇ ಅದಕ್ಕೆ ಅನ್ನ.
ತಂತಿ ಬೆಸೆದು ಗುಂಡಿ ತಿರುವಿದರೆ
ಹಾಡಲ್ಲ, ಹುಂ ಎಂದು ಒಂದೇ ಸಮ ಗುನುಗು.

ಮೂವತ್ತೊಂದು ವರ್ಷ ಮೆಟ್ರೋದಲ್ಲಿ
ಎಸ್ಕಲೇಟರುಗಳ ಹೊಟ್ಟೆಯೊಳಗೆ ಮಲಗಿ ಎದ್ದವನು ನಾನು.
ಯಾವ ಗುನುಗು ಬೇರಿಂಗಿನದು, ಯಾವುದು ಸರಪಳಿಯದು,
ಅಂಗಾಲಿಗೇ ಗೊತ್ತು.
ಇದು ನೆಲದ ಗುನುಗು. ಎರಡು ದಾರಿಯಲ್ಲಿ ಭೂಮಿ ಹುಡುಕುತ್ತ ಕರೆಂಟು
ಎರಡು ದೋಣಿಗೆ ಕಾಲಿಟ್ಟವನಂತೆ ಗೊಣಗುತ್ತಿತ್ತು.
ಎಲ್ಲವನ್ನೂ ತಂದು ಒಂದೇ ಗೋಡೆಯ ಒಂದೇ ಪ್ಲಗ್ಗಿಗೆ ಕಟ್ಟಿದೆ.
ಬಾಯಿ ಮುಚ್ಚಿತು.

ಆಮೇಲೆ ಅಳತೆ. ಲಾಮಾರಾಳ ಹೊಲಿಗೆ ಟೇಪು ಕದ್ದು
ಪೆಟ್ಟಿಗೆಯಿಂದ ಪೆಟ್ಟಿಗೆಗೆ ಎಂಬತ್ತೈದು,
ಪ್ರತಿ ಪೆಟ್ಟಿಗೆಯಿಂದ ನನ್ನ ಮೂಗಿಗೆ ಎಂಬತ್ತೈದು.
ಅಡಿಗೆ ಇಟ್ಟಿಗೆ, ಮುಂದಂಚಿಗೆ ಆಕ್ರೋಟಿನ ಚಿಪ್ಪು,
ಮುಖ ತುಸು ಮೇಲೆತ್ತಿ,
ಸ್ವರ ಎದೆಗಲ್ಲ, ಕಿವಿಗೆ ಬೀಳಲಿ ಎಂದು.
ಮೇಜಿನ ಮೇಲೆ ನುಸಿ ತಿಂದ ಕೋಟಿನ ಉಣ್ಣೆ ಹಾಸಿದೆ.
"ಮದುವೆ ಸೂಟಿನ ಅಳತೆಗೂ
ನೀನು ಇಷ್ಟು ನೆಟ್ಟಗೆ ನಿಂತಿರಲಿಲ್ಲ" ಅಂದಳು.

ಹಾಕಿದ್ದು ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಹಳೆಯ ಫೈಲು.
ಎಂಬತ್ತೇಳರ ಚಳಿಗಾಲ, ಒತಿಯಾನ ಅಡುಗೆಮನೆ,
ಮೈಕು ಎರಡು, ನಾವು ಮೂವರು.
ಎಡಕ್ಕೆ ಒತಿಯಾ, ಮಂದ್ರ, ಬಾವಿಯಿಂದ ತುಂಬುಗೊಡ ಸೇದಿದಂತೆ.
ಬಲಕ್ಕೆ ಅನ್ಸೋರ್, ತಾರದಲ್ಲಿ ಮುರಿಮುರಿದು, ಬೆಳಗಿನ ಹುಂಜ.
ಮತ್ತೆ ಕೀಬೋರ್ಡಿನ ಮೇಲೆ, ಗೇಣೆತ್ತರದಲ್ಲಿ,
ಪೆಟ್ಟಿಗೆಯಿಲ್ಲದ, ತಂತಿಯಿಲ್ಲದ, ನಾನು ಕಾಸೇ ಕೊಡದ ಜಾಗದಲ್ಲಿ
ನಡುದನಿ ಬಂದು ನಿಂತಿತು.

ಅದು ನಾನು. ಇಪ್ಪತ್ತಮೂರರವನು.
ಕೈ ಚಾಚಿದೆ. ಗಾಳಿ.

"ಯಾರದು ಹುಡುಗ?" ಒಲೆಯ ಕಡೆಯಿಂದ ಲಾಮಾರಾ.
"ಶ್ರುತಿ ಒಂದು ಕೂದಲೆಳೆ ಕೆಳಗಿದೆ."
ನಾನು ಹೇಳಲಿಲ್ಲ. ಎದ್ದು ಕುರ್ಚಿ ತೋರಿಸಿದೆ.

ಇಂಥ ಏರ್ಪಾಡಿನಲ್ಲಿ ಕುರ್ಚಿ ಒಂದೇ.
ಒಂದು ಮೊಳ ಪಕ್ಕಕ್ಕೆ ಸರಿದರೂ ಸಾಕು
ನಡುದನಿ ಜಾರಿ, ಹತ್ತಿರದ ಪೆಟ್ಟಿಗೆಯೊಳಗೆ ಹೊಕ್ಕುಬಿಡುತ್ತದೆ.
ಬಾಗಿಲ ಬಳಿ ನಿಂತೆ. ಅಲ್ಲಿಂದ ಕೇಳಿದರೆ ನಾನು
ಒತಿಯಾನ ಬೆನ್ನಿನ ಹಿಂದೆಲ್ಲೋ.
ಲಾಮಾರಾ ಹಿಟ್ಟಿನ ಕೈ ಮಡಿಲಲ್ಲಿಟ್ಟು ಕೂತಳು.
ನೋಡುತ್ತಿದ್ದಳು ಪರದೆಗೂ ತನಗೂ ನಡುವೆ
ಏನೂ ಇಲ್ಲದಲ್ಲಿ.

ತಂತಿ, ಗೋಂದು, ಲಿಫ್ಟು ಎಲ್ಲ ಸೇರಿ ನೂರ ಹದಿನೆಂಟು.
"ಎರಡು ಲರಿ ಉಳೀತು" ಅಂದೆ.
ಸುಮ್ಮನಿರು ಎಂದು ಕೈ ಎತ್ತಿದಳು,
ನನ್ನ ಕಡೆ ತಿರುಗದೆ.