ಗುಂಡಿ ಒತ್ತದವರಿಗೆ

ಕ್ಲಿನಿಕ್ಕಿನ ಕೊನೆಯ ಹಲ್ಲುನೋವು ಹತ್ತೂವರೆಗೆ ಮನೆಗೆ ಹೋದಮೇಲೆ
ನಾನೂ ಮೋನಬ್ಬನೂ ರಿಸೆಪ್ಶನ್ ಮೇಜಿಗೆ ಕುರ್ಚಿ ಎಳೆದುಕೊಳ್ಳುತ್ತೇವೆ.
ಹೊರಗೆ ಗುದೈಬಿಯಾ. ಆಗಸ್ಟ್. ಗಾಜಿನ ಬೆನ್ನ ತುಂಬ ಬೆವರು.
ಇಪ್ಪತ್ತೆರಡು ವರ್ಷ ಮನಾಮದ ಲಿಫ್ಟುಗಳ ಹೊಟ್ಟೆ ಬಿಚ್ಚಿ ಗ್ರೀಸು ಹಚ್ಚಿದವನು
ಫೋನಿನಲ್ಲೊಂದು ಸಿನಿಮಾ ತೆಗೆದಿದ್ದಾನೆ:
ನೋಡುವವರು ಅಂಕಿ ಒತ್ತಬೇಕು, ಬಾಗಿಲು ತೆರೆಯಬೇಕು,
ಒಂದರಲ್ಲಿ ದರ್ಜಿ, ಎರಡರಲ್ಲಿ ಪಾಳಿಯ ಮಂಚಗಳು
(ಹಗಲಿನವನ ದಿಂಬು ಆರುವ ಮೊದಲೇ ರಾತ್ರಿಯವನ ಕಿವಿ),
ಏಳರಲ್ಲಿ ಪಾರಿವಾಳ, ಡಿಶ್ಶು, ಒಣಗಿ ಸೆಟೆದ ನಿಲುವಂಗಿ.

ಸಿನಿಮಾ ಉಂಟು, ಅದಕ್ಕೆ ಮನೆ ಇಲ್ಲ.
ವೆಬ್‌ಸೈಟ್ ಕಟ್ಟಬೇಕು; ನನಗೆ ಬರುವುದು ಅಪಾಯಿಂಟ್‌ಮೆಂಟ್ ಬರೆಯಲು ಮಾತ್ರ.
ಕೋಡ್ ಬೇಕಾಗಿಲ್ಲ, ಅನ್ನುತ್ತವೆ ಎಲ್ಲ ಕಂಪನಿಗಳೂ.
‘ಒಳ್ಳೇದೇ ಆಯ್ತಲ್ಲ ಬಾಯೀ,’ ಅಂದ ಮೋನಬ್ಬ,
‘ಕೋಡಿಲ್ಲದ್ದು ಹಾಯುವುದಿಲ್ಲ.’

ಹಾಯಿತು.
ಮೊದಲನೆಯದು ಕೇಳಿತು: ನಿಮ್ಮ ವ್ಯಾಪಾರ ಯಾವುದು?
ಪಟ್ಟಿಯಲ್ಲಿ ಲಿಫ್ಟು ಇರಲಿಲ್ಲ. ಬೇಕರಿ ಅಂದೆ.
ಆರು ಜನ ಮಲಗಿದ ಕೋಣೆಯ ಕೆಳಗೆ
ಸ್ಟ್ರಾಬೆರಿ ಬಣ್ಣದ ಗುಂಡಿ ಮೂಡಿತು: ಈಗಲೇ ಖರೀದಿಸಿ.
ಮೋನಬ್ಬ ತುಂಬ ಹೊತ್ತು ನಕ್ಕ. ಆಮೇಲೆ ನಗಲಿಲ್ಲ.

ಎರಡನೆಯದರ ಗಂಟಲಲ್ಲಿ ಕನ್ನಡ ಸಿಕ್ಕಿಕೊಂಡಿತು.
ಲಿಫ್ಟಿನ ಕಾಲಬುಡದಲ್ಲಿ ಕೂರಬೇಕಾದ ಟಕಾರದ ಒತ್ತು
ಎದ್ದು ಪಕ್ಕಕ್ಕೆ ಬಂದು ನಿಂತಿತು,
ಬಾಗಿಲಿಗೆ ಸೆರಗು ಸಿಕ್ಕಿದವಳ ಹಾಗೆ.
ಒತ್ತೇ ಗೊತ್ತಿಲ್ಲದವರ ಕೈಗೆ ಒತ್ತುವ ಸಿನಿಮಾ ಕೊಡುವುದು ಹೇಗೆ?

ಮೂರನೆಯದು ಚೆಂದ.
ಅರಬ್ಬಿ ಬಲದಿಂದ, ಕನ್ನಡ ಎಡದಿಂದ, ನಡುವೆ ಡಿಕ್ಕಿ ಇಲ್ಲ.
ತಿಂಗಳಿಗೆ ಒಂಬತ್ತು ದಿನಾರ್. ಒಂಬತ್ತಕ್ಕೂ ಒಪ್ಪಿದ.
ಆಮೇಲೆ ಮಲ್ಲೇಶಂ ಬಂದ.

ಕರೀಂನಗರದ ಮಲ್ಲೇಶಂ. ಕಂಪನಿ ಮುಚ್ಚಿತ್ತು,
ಪಾಸ್‌ಪೋರ್ಟ್ ಅದರ ಕಪಾಟಿನಲ್ಲಿತ್ತು, ಕೋಣೆಯ ಕರೆಂಟು ಕಡಿದಿದ್ದರು.
ಮಧ್ಯಾಹ್ನ ಬಂದು ಲಿಫ್ಟಿನ ಮೂಲೆಯಲ್ಲಿ ನಿಲ್ಲುತ್ತಿದ್ದನಂತೆ, ತಂಪಿಗೆ.
ಯಾವ ಗುಂಡಿಯನ್ನೂ ಒತ್ತುತ್ತಿರಲಿಲ್ಲ.
ಬೇರೆಯವರು ಒತ್ತಿದಲ್ಲಿಗೆಲ್ಲ ಹೋಗಿ ಬರುತ್ತಿದ್ದ,
ಇಳಿಯದೆ,
ಹತ್ತಿದವರಿಗೆಲ್ಲ ಸ್ವಲ್ಪ ಜಾಗ ಬಿಟ್ಟು.
‘ತೆಗಿ ಅಣ್ಣಾ, ನನ್ನದೇನು ಹೋಗುತ್ತದೆ’ ಅಂದನಂತೆ.
ಮೋನಬ್ಬನ ಫೋನಿನಲ್ಲಿ ಅವನು ಹನ್ನೊಂದು ನಿಮಿಷ.
ಏನೂ ಒತ್ತದವರಿಗೆ ಮಾತ್ರ ಕಾಣಬೇಕು ಅವನು.
ಇದು ಹಟ. ಇದರಲ್ಲಿ ಚೌಕಾಸಿ ಇಲ್ಲ.

ಚೆಂದದ ಆ ಮೂರನೆಯದು ಎಂಟು ಸೆಕೆಂಡು ಕಾಯಿತು.
‘ಇನ್ನೂ ಇದ್ದೀರಾ?’ ಪೆಟ್ಟಿಗೆಯೊಂದು ಜಿಗಿಯಿತು.
ಹನ್ನೆರಡನೆಯದಕ್ಕೆ ಹೊರಗೆ ದಬ್ಬಿತು.
ಸೆಟ್ಟಿಂಗಿನ ಸಂದುಗೊಂದೆಲ್ಲ ಹುಡುಕಿದೆ.
ಓಡಲಿಕ್ಕೆ, ಹಾರಲಿಕ್ಕೆ, ಜಾರಲಿಕ್ಕೆ ಸ್ವಿಚ್ಚುಂಟು,
ಸುಮ್ಮನೆ ನಿಲ್ಲಲಿಕ್ಕೆ ಇಲ್ಲ.

ನಾಲ್ಕನೆಯದರ ಹೆಸರು ಹೇಳಿದರೂ ನಿಮಗೆ ಗೊತ್ತಾಗದು.
ಬಣ್ಣ ಮೂರೇ. ಮುಖಪುಟ ಸಹಕಾರಿ ಸಂಘದ ರಸೀತಿಯ ಹಾಗೆ.
ವೀಡಿಯೋ ಬರುವ ಮುನ್ನ ಒಂದು ಸಲ ಕೆಮ್ಮುತ್ತದೆ.
ಆದರೆ ಎಲ್ಲಿಗೂ ಹೋಗದ ಪುಟವನ್ನು ಇಟ್ಟುಕೊಳ್ಳುತ್ತದೆ,
ಯಾಕೆ ಅಂತ ಕೇಳದೆ.
ಎರಡು ದಿನಾರ್ ಎಂಟುನೂರು ಫಿಲ್ಸ್. ಅರ್ಧ ಅವನು, ಅರ್ಧ ನಾನು.

ನಿನ್ನೆ ರಾತ್ರಿ ಲೆಕ್ಕ ತೆರೆದೆ. ಈವರೆಗೆ ನಲವತ್ತೊಂದು ಜನ,
ಹೆಚ್ಚಿನವರು ನೇರ ಪಾರಿವಾಳಕ್ಕೆ.
ಕೊನೆಯ ಸಾಲಿನಲ್ಲಿ, ಊರು ತಿಳಿಯದ ಒಬ್ಬರು.
ಒತ್ತಿದ್ದು: ಸೊನ್ನೆ. ಇರುವುದು: ಹತ್ತೊಂಬತ್ತು ನಿಮಿಷದಿಂದ.
ಪಕ್ಕದಲ್ಲಿ ಯಂತ್ರದ ಷರಾ: ನಿಷ್ಕ್ರಿಯ.

ಮೋನಬ್ಬ ಕನ್ನಡಕ ಮೂಗಿಗೆ ಇಳಿಸಿ ಓದಿದ, ಎರಡು ಸಲ.
ಹೊತ್ತಾಯಿತೆಂದು ನಾನು ಲ್ಯಾಪ್‌ಟಾಪ್ ಮಡಚಲು ಹೋದರೆ
ಗ್ರೀಸು ಹೋಗದ ಕೈ ಅಡ್ಡ ಬಂತು.
‘ಲೈಟ್ ಆರಿಸಬೇಡಿ ಬಾಯೀ.
ಒಳಗೆ ಯಾರೋ ಇದ್ದಾರೆ.’