ತಟ್ಟಿ ನೋಡು

ಕೂತ್ಕೊ ತಬಿತಾ. ಆ ಎಣ್ಣೆಯ ಬಾಟ್ಲಿ
ಮೊದಲು ಮೇಜಿನ ಮೇಲೆ ಇಡು.
ನಾನೂರೈವತ್ತು ರೂಪಾಯಿ, ಅಲ್ವಾ? ಇರಲಿ.
ಚಾ ಉಂಟು, ಸಕ್ಕರೆ ಹಾಕಿಲ್ಲ.
ನಿನ್ನ ಮುಖ ಕಂಡರೆ ಗೊತ್ತಾಗ್ತದೆ
ಮಾತ್ರೆ ಬಿಟ್ಟು ಎಂಟು ದಿನವಾದರೂ ಆಯಿತು.

ಇಪ್ಪತ್ತೇಳು ವರ್ಷ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ನನ್ನ ಕೆಲಸ ಒಂದೇ: ತಟ್ಟುವುದು.
ಗೂಡಿನಿಂದ ಬಂದ ಹಂಚನ್ನು ಎಡಗೈಯಲ್ಲಿ ನೇತಾಡಿಸಿ
ಬಲಗೈಯ ಗೆಣ್ಣಿನಿಂದ ಒಂದು ಪೆಟ್ಟು.
ಟಣ್ ಅಂದರೆ ಲಾರಿಗೆ.
ಬೊದ್ ಅಂದರೆ ನೇತ್ರಾವತಿಯ ದಂಡೆಗೆ, ಚೂರುಗಳ ಗುಡ್ಡೆಗೆ.
ಕಣ್ಣಿಗೆ ಎರಡೂ ಒಂದೇ ಕೆಂಪು.
ಬಿರುಕು ಒಳಗಿರ್ತದೆ, ಕೂದಲಿನಷ್ಟು,
ಆಟಿಯ ಮಳೆ ಬಂದು
ಹಾಸಿಗೆ ಒದ್ದೆಯಾಗುವ ತನಕ ಯಾರಿಗೂ ಕಾಣುವುದಿಲ್ಲ.
ಗೆಣ್ಣು ನೋಡು, ಇನ್ನೂ ದಪ್ಪವೇ.

ಪಂಪ್‌ವೆಲ್ಲಿನ ಆ ಹಾಲಿಗೆ ನಾನೂ ಒಮ್ಮೆ ಹೋಗಿದ್ದೆ,
ಮೂರನೆಯ ಸಾಲಿನಲ್ಲಿ ಕೂತಿದ್ದೆ.
ಒಳ್ಳೆಯ ಸ್ವರ ಅವನದ್ದು. ಬಿಳಿ ಅಂಗಿ,
ಕೆನ್ನೆಯ ಹತ್ತಿರ ಕಡ್ಡಿಯಂಥ ಮೈಕು.
ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸತ್ಯವೇ, ಅದೇ ಕಷ್ಟ.
ಹಂಚೂ ಮುಕ್ಕಾಲು ಪಾಲು ಗಟ್ಟಿಯೇ,
ನೀರು ಇಳಿಯುವುದು ಉಳಿದ ಕಾಲಿನಿಂದ.

"ನಂಬಿದವರ ಮೈಯಲ್ಲಿ ಕಾಯಿಲೆ ನಿಲ್ಲುವುದಿಲ್ಲ" ಅಂದ.
ಮುಗಿದ ಮೇಲೆ ಹತ್ತಿರ ಹೋಗಿ ಕೇಳಿದೆ:
ಅಯ್ಯಾ, ನನ್ನ ಯೋತಾಮ ಹನ್ನೊಂದು ವರ್ಷಕ್ಕೇ
ಮಿದುಳು ಜ್ವರದಲ್ಲಿ ಹೋದ.
ಆ ರಾತ್ರಿ ವೆನ್ಲಾಕ್ ಆಸ್ಪತ್ರೆಯ ಜಗಲಿಯಲ್ಲಿ
ಮೊಣಕಾಲೂರಿದ್ದು ನಾನು, ನನ್ನ ಅಮ್ಮ, ಹನ್ನೆರಡು ಮನೆಯವರು.
ಯಾರ ನಂಬಿಕೆ ಎಷ್ಟು ಗ್ರಾಮು ಕಡಿಮೆ ಬಿತ್ತು?

ಅವ ನಕ್ಕ. ನನ್ನ ತಲೆಯ ಮೇಲೆ ಕೈ ಇಟ್ಟ.
"ಕೇಳುವುದೇ ಸಂಶಯದ ಆತ್ಮ, ತಾಯಿ."
ಇಬ್ಬರು ಹುಡುಗರು ಬಂದು ನನ್ನನ್ನು ಬಾಗಿಲ ತನಕ ಬಿಟ್ಟರು,
ತುಂಬಾ ಮರ್ಯಾದೆಯಿಂದ.

ಬಸ್ಸಿನಲ್ಲಿ ಕೂತಾಗ ಹೊಳೆಯಿತು:
ತಟ್ಟಲು ಬಿಡದ ಹಂಚು.

ನನಗೆ ಸಂಶಯವೇ ಇರಲಿಲ್ಲ ಅಂತ ತಿಳಿಯಬೇಡ.
ಯೋತಾಮ ಹೋದ ಮೇಲೆ ಎರಡು ವರ್ಷ
ಆರಾಧನೆಗೆ ಹೋಗ್ತಿದ್ದೆ, ಬಾಯಿ ಬಿಡ್ತಿರಲಿಲ್ಲ.
ಪುಸ್ತಕ ತೆರೆದರೆ ಅಕ್ಷರವೆಲ್ಲ ಇರುವೆ ಸಾಲು.
ಕರುಣಾಕರ ಉಪದೇಶಿಗಳಿಗೆ ಒಂದು ದಿನ ಹೇಳಿಯೇಬಿಟ್ಟೆ,
ಆ ಕಡೆ ಯಾರೂ ಇಲ್ಲವೋ ಏನೋ, ಅಂತ.
ಅವರು ಬೈಯಲಿಲ್ಲ.
ಚಾ ಆರಿ ಕೆನೆ ಕಟ್ಟುವಷ್ಟು ಹೊತ್ತು ಸುಮ್ಮನೆ ಕೂತು,
"ಗೊತ್ತಿಲ್ಲದ್ದು ನನಗೂ ಉಂಟು" ಅಂದರು.
"ಇದನ್ನೇ ಅವನಿಗೆ ಹೇಳು. ನಯ ಮಾಡದೆ ಹೇಳು."
ಆಮೇಲೆ ಹನ್ನೊಂದು ತಿಂಗಳು, ಗುರುವಾರ ಗುರುವಾರ ಬಂದರು,
ಕೆಲವೊಮ್ಮೆ ನಾಲ್ಕು ಬಂಗುಡೆ ಹಿಡಿದುಕೊಂಡು.

ತಟ್ಟಿದೆ ಮಾರಾಯ್ತಿ.
ಗೂಡಿನ ಬಿಸಿಗೆ ನಿಂತು, ತುಳುವಿನಲ್ಲಿ ಬೈದು ತಟ್ಟಿದೆ.
ಟಣ್ ಅಂತ ಕೇಳಿತು ಅಂದರೆ ಸುಳ್ಳಾದೀತು.
ಇಷ್ಟು ಮಾತ್ರ ಹೇಳಬಲ್ಲೆ: ಅವನು ತಪ್ಪಿಸಿಕೊಳ್ಳಲಿಲ್ಲ.
ಮೊಳೆ ಹೊಕ್ಕ ಕೈಯನ್ನು ಹಿಂದೆಳೆಯಲಿಲ್ಲ,
ನನ್ನ ಗೆಣ್ಣು ತಾಗುವಷ್ಟು ಹತ್ತಿರ ಇಟ್ಟುಕೊಂಡೇ ಇದ್ದ.
ಎಷ್ಟು ದಿನ ಕಳೆದು ಬಾಯಿ ತೆರೆದೆ, ನೆನಪಿಲ್ಲ.
ಒಂದು ಭಾನುವಾರ ಎರಡನೆಯ ಚರಣಕ್ಕೆ
ನನ್ನದೇ ಸ್ವರ ನನಗೆ ಕೇಳಿಸಿತು, ಅಷ್ಟೇ.

ಈ ಬಾಟ್ಲಿಗೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ.
ಮೂಸಿ ನೋಡಿದೆ, ತೆಂಗಿನೆಣ್ಣೆ. ಒಗ್ಗರಣೆಗಾದೀತು.
ಮಾತ್ರೆ ಚೀಲದಲ್ಲೇ ಉಂಟಲ್ಲ?
ಬಿಸಾಡು ಅಂದರೂ ನೀನು ಬಿಸಾಡಲಿಲ್ಲ.
ಅದನ್ನು ಅವ ಅಪನಂಬಿಕೆ ಅಂತಾನೆ.
ಕರ್ತ ನಿನಗೆ ಕೊಟ್ಟ ಬುದ್ಧಿ ಅಂತೇನೆ ನಾನು.
ನುಂಗು, ನೀರು ಇಲ್ಲಿ ಉಂಟು.

ಇನ್ನು ನನ್ನನ್ನೂ ತಟ್ಟು,
ಮುದುಕಿ ಹೇಳಿದಳು ಅಂತ ನಂಬಬೇಡ.
ಮೇಲೆ ನೋಡು, ಆ ಮೂಲೆ, ಮೂರನೆಯ ಪಕ್ಕಾಸಿನ ಪಕ್ಕ:
ಪ್ರತಿ ಮಳೆಗೂ ಅಲ್ಲಿ ಚೆಂಬು ಇಡಬೇಕು.
ಆ ಹಂಚನ್ನು ತಟ್ಟಿ ಪಾಸು ಮಾಡಿದ್ದು
ನಾನೇ.